ಕೆಂಪು ಸ್ಯಾಟಿನ್ ಮೇಲಿನ ಬಿಳಿ ದಾರ

ನಿನ್ನೆ ಹೊಸಹಳ್ಳಿಯಲ್ಲಿ ಒಂದು ಟೈಲರ್ ಅಂಗಡಿಯ ಮುಂದೆ ಹೋಗುವಾಗ, ಇಸ್ತ್ರಿಪೆಟ್ಟಿಗೆಯ ಕೆಳಗೆ ಕಾದ ಸ್ಯಾಟಿನ್ ಬಟ್ಟೆಯ ವಾಸನೆ ಬಂತು. ಕಾಲುಗಳು ಅಲ್ಲೇ ನಿಂತವು.

ಅಪ್ಪ ವಿಜಯನಗರದಲ್ಲಿ ಟೈಲರ್ ಆಗಿದ್ದರು. ನಾನು ಸ್ಕೂಲಿನಲ್ಲಿದ್ದಾಗ, ಸಣ್ಣ ಬಜೆಟ್ಟಿನ ಒಂದು ಸೂಪರ್‌ಹೀರೋ ಕಾಮಿಡಿ ಸಿನಿಮಾಕ್ಕೆ ಕೆಂಪು ಸ್ಯಾಟಿನ್ ಡ್ರೆಸ್ಸು, ಮುಖವಾಡ ಹೊಲಿದಿದ್ದರು. ಹಗ್ಗ ಕಟ್ಟಿ ಹಾರಿಸುವ ದಿನ, ಹೀರೋ ಬದಲು ಹಾರಬೇಕಿದ್ದ ಡೂಪ್ ಬರಲಿಲ್ಲ. ಬಟ್ಟೆ ಕೊಡಲು ಹೋಗಿದ್ದ ಅಪ್ಪನಿಗೇ ಅದನ್ನು ತೊಡಿಸಿ ಹಾರಿಸಿಬಿಟ್ಟರು.

ಆಮೇಲೆ ಬಾಡಿಗೆಗೆ ಸಿ.ಡಿ. ತಂದು ಮನೆಯವರೆಲ್ಲ ನೋಡಿದೆವು. ಹಗ್ಗ ಎದ್ದು ಕಾಣುತ್ತಿತ್ತು. ಹೀರೋ ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆದಾಗ ನಾನು ಬಿದ್ದು ಬಿದ್ದು ನಕ್ಕೆ. ಅವನ ಎದೆಯ ಮೇಲೆ ಬಿಳಿ ದಾರವೊಂದು ನೇತಾಡುತ್ತಿತ್ತು. ಹೊಲಿಗೆ ಮುಗಿದ ಮೇಲೆ ದಾರದ ಸಮೇತ ಸೂಜಿಯನ್ನು ಎದೆಯ ಬಟ್ಟೆಗೆ ಚುಚ್ಚಿಕೊಳ್ಳುವುದು ಅಪ್ಪನ ಅಭ್ಯಾಸ. ಅದಕ್ಕೆ ಅಮ್ಮ ದಿನವೂ ಊಟದ ಹೊತ್ತಿಗೆ ಬೈಯುತ್ತಿದ್ದಳು.

“ರೀ, ಲೋಕ ಕಾಪಾಡೋಕೆ ಹೋಗುವಾಗ್ಲೂ ಸೂಜಿನಾ?”

“ಹಾಕ್ಕೊಳ್ಳುವಾಗ ತೋಳಿನ ಹೊಲಿಗೆ ಬಿಚ್ಕೊಳ್ತು ಕಣೇ. ಹೊಲ್ಕೊಂಡು ಹಂಗೇ ಹಾರ್ಬಿಟ್ಟೆ,” ಅಂದರು ಅಪ್ಪ.

ಅವರು ಹೋಗಿ ಎಂಟು ತಿಂಗಳಾಯಿತು. ಅವರು ಓಡಾಡುವ ಒಂದು ವಿಡಿಯೋ ಕೂಡ ನಮ್ಮಲ್ಲಿಲ್ಲ ಎಂದೇ ಕೊರಗುತ್ತಿದ್ದೆ. ನಿನ್ನೆ ಮನೆಗೆ ಬಂದು ಫೋನಿನಲ್ಲಿ ಆ ಸಿನಿಮಾ ಹುಡುಕಿದೆ. ಸಿಕ್ಕಿತು. ಮುಖ ಕಾಣದ ಅಪ್ಪ ಗಾಳಿಯಲ್ಲಿ ತೂಗುತ್ತಿದ್ದರು. ಎದೆಯ ಮೇಲೆ ಆ ದಾರ ಇನ್ನೂ ಅಲುಗಾಡುತ್ತಿತ್ತು. ನನಗೆ ನಗು ಬರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಮ್ಮ ಆ ದಾರದ ಮೇಲೆ ಬೆರಳಿಟ್ಟು ಮೆಲ್ಲಗೆ ಅಂದಳು: “ಚುಚ್ಕೊಳ್ಳುತ್ತೆ ರೀ. ತೆಗೆದಿಟ್ಟು ಊಟಕ್ಕೆ ಬನ್ನಿ.”