ಚಿಕ್ಕಮ್ಮನ ಅಳತೆ

ಮೊನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೋ ನೋವಿನ ಮುಲಾಮಿನ ಡಬ್ಬಿ ತೆರೆದರು. ಘಾಟು ಮೂಗಿಗೆ ಬಡಿದದ್ದೇ ತಡ, ಉತ್ತರಪತ್ರಿಕೆ ತಿದ್ದುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ನನ್ನ ಮಟ್ಟಿಗೆ ಅದು ಚಿಕ್ಕಮ್ಮನ ವಾಸನೆ. ಅವಳ ದಿಂಬು, ಸೀರೆ, ಅವಳು ಕಲಸಿ ಕೊಟ್ಟ ಅನ್ನ, ಎಲ್ಲದರಲ್ಲೂ ಅದೇ ಘಾಟಿರುತ್ತಿತ್ತು. ಯಾಕೆ ಎಂದು ಹೇಳಹೊರಟರೆ ಬ್ರಾ ವಿಷಯ ಎತ್ತಬೇಕು. ಅಮ್ಮ ಇದ್ದಿದ್ದರೆ, "ನಾಲ್ಕು ಜನ್ರ ಮುಂದೆ ಆಡೋ ಮಾತೇನೇ ಅದು?" ಎಂದು ಗದರುತ್ತಿದ್ದಳು. ನೀವು ಗದರುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತೇನೆ.

ನಮ್ಮ ತಾಯಿಯ ಕಡೆಯ ಹೆಂಗಸರ ಮೈಯೇ ಹಾಗೆ. ಬೆನ್ನು ಸಣ್ಣದು, ಎದೆ ಭಾರ. "ದ್ಯಾವ್ರು ಬಡಿಸೋವಾಗ ಕೈ ಜಾರ್‍ಬುಡ್ತು" ಎಂದು ಅಜ್ಜಿ ನಗುತ್ತಿದ್ದಳು. ಸಕಲೇಶಪುರದ ಪೇಟೆಯಲ್ಲಿ ನಾವು ಹೋಗುತ್ತಿದ್ದ ಬಟ್ಟೆ ಅಂಗಡಿಯಲ್ಲಿ ಬಾಡಿ ಎಂದರೆ ಬರೀ ಒಂದು ನಂಬರು. ಮೂವತ್ತಾರು, ಮೂವತ್ತೆಂಟು, ನಲವತ್ತು. ಆ ನಂಬರಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ, ಎದೆ ಕೂರುವ ಬಟ್ಟಲಿನ ಅಳತೆಯೇ ಬೇರೆ, ಬೆನ್ನು ಸುತ್ತುವ ಪಟ್ಟಿಯ ಅಳತೆಯೇ ಬೇರೆ ಎಂಬುದು ಕೊಡುವವನಿಗೂ ಗೊತ್ತಿರಲಿಲ್ಲ, ಕೊಳ್ಳುವವರಿಗೂ ಗೊತ್ತಿರಲಿಲ್ಲ. ಗಲ್ಲೆಯ ಮೇಲೆ ಗಂಡಸರು. ಟವೆಲ್ಲು, ಲಂಗ, ಕರ್ಚೀಫು ಎಲ್ಲ ಕೇಳಿ ಮುಗಿದ ಮೇಲೆ ನಂಬರನ್ನು ಪಿಸುಗುಟ್ಟಬೇಕು; ಅವನು ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನು ಚೀಲದ ತಳಕ್ಕೆ ತುರುಕಬೇಕು. ಹಾಕಿ ನೋಡುವ ಮಾತೆಲ್ಲಿ ಬಂತು! ಹಿಡಿಸದಿದ್ದರೆ ಮುಂದಿನ ಸಲ ದೊಡ್ಡ ನಂಬರು. ಎದೆಗೆ ಹಿಡಿಸುವ ಹೊತ್ತಿಗೆ ಬೆನ್ನಿಗೆ ದೊಗಳೆ. ಅದಕ್ಕೆ ಹಿಂದೆ ಒಂದು ಮಡಿಕೆ ಹಾಕಿ ಪಿನ್ನು ಚುಚ್ಚುವುದು. "ಪಿನ್ ಹಾಕ್ಕಂಡ್ಯಾ?" ಎಂದು ಕೇಳದೆ ನಮ್ಮ ಮನೆಯ ಹೆಂಗಸರು ಒಬ್ಬರನ್ನೊಬ್ಬರು ಹೊರಗೆ ಕಳಿಸಿದ್ದಿಲ್ಲ. ಬೆನ್ನಿನ ಪಟ್ಟಿ ಹೊರಬೇಕಾದ ಭಾರವನ್ನೆಲ್ಲ ಹೆಗಲು ಹೊರುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಚಿಕ್ಕಮ್ಮ ಅಮ್ಮನ ಕೊನೆಯ ತಂಗಿ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ನಮ್ಮ ಕಡೆ ಆ ಕಾಲಕ್ಕೆ ಹೆಣ್ಣು ಕಂಡಕ್ಟರ್ ಎಂದರೆ ಜನ ಬಸ್ಸು ಬಿಟ್ಟು ಅವಳನ್ನು ನೋಡುತ್ತಿದ್ದರು. ಸಕಲೇಶಪುರದಿಂದ ವನಗೂರಿನ ಕಡೆಗೆ ಹತ್ತುವ ದಾರಿಯಲ್ಲಿ ಬಸ್ಸು ತಿರುಗಿದಲ್ಲೆಲ್ಲ ಅವಳ ಬಾಯಿಯೂ ತಿರುಗುತ್ತಿತ್ತು. "ಒಳೀಕ್ ಹೋಗ್ರೀ, ಬಾಗ್ಲಲ್ಲಿ ನಿಂತ್ಕಳಕ್ಕೆ ನೀವೇನ್ ದ್ವಾರಪಾಲಕ್ರಾ?" ಎಂದು ಎಸ್ಟೇಟ್ ಮಾಲೀಕರನ್ನೂ ಬಿಡುತ್ತಿರಲಿಲ್ಲ. ಅವಳ ಬಸ್ಸಿನಲ್ಲಿ ಕೂರುವುದೆಂದರೆ ನನಗೆ ಎಲ್ಲಿಲ್ಲದ ಜಂಬ.

ಮನೆಗೆ ಬಂದ ಚಿಕ್ಕಮ್ಮ ಬೇರೆ. ಕುಪ್ಪಸ ಸಡಿಲಿಸಿ ಗೋಡೆಗೆ ಒರಗಿಬಿಡುತ್ತಿದ್ದಳು. ಎರಡೂ ಹೆಗಲ ಮೇಲೆ ನನ್ನ ಕಿರುಬೆರಳು ಮಲಗುವಷ್ಟು ಆಳದ ಗೆರೆ, ಕೆಂಪಗೆ. ಮುಲಾಮು ಹಚ್ಚುವ ಕೆಲಸ ನನ್ನದು. ದಿನವಿಡೀ ಒಂದು ಕೈ ಮೇಲೆತ್ತಿ ಕಂಬಿ ಹಿಡಿದು ನಿಲ್ಲಬೇಕಲ್ಲ, ಎತ್ತಿದಾಗಲೆಲ್ಲ ಹೆಗಲ ಪಟ್ಟಿ ಕೊರೆಯುತ್ತಿತ್ತು. ಒಮ್ಮೆ ಏರಿನಲ್ಲಿ ಡ್ರೈವರ್ ಬ್ರೇಕ್ ಹಾಕಿದಾಗ ಪಿನ್ನು ಕಿತ್ತು ಪಟ್ಟಿ ಹರಿಯಿತಂತೆ. ಹಿಂದಿನ ಸೀಟಿನ ಹುಡುಗರು ನಕ್ಕರಂತೆ. ಆಮೇಲೆ ಅವಳು ಟಿಕೆಟ್ ಚೀಲವನ್ನು ಎದೆಗವಚಿಕೊಂಡು ಬಗ್ಗಿ ನಿಲ್ಲುವುದು ಕಲಿತಳು. ಬಾಯಿಯೂ ಸಣ್ಣದಾಯಿತು.

ನಾನಾಗ ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ದೀಪಾವಳಿಗೆ ಬಂದವಳನ್ನು ಚಿಕ್ಕಮ್ಮ ಹಿತ್ತಿಲಿಗೆ ಕರೆದು ಎರಡು ದಾರ ಕೈಗಿತ್ತಳು. ಒಂದು ಎದೆಯ ಕೆಳಗಿನ ಸುತ್ತಳತೆ, ಇನ್ನೊಂದು ಎದೆಯ ಮೇಲಿನದು. ಹೀಗೆ ಎರಡು ಅಳತೆ ಬೇಕೆಂದು ಬಸ್ಸಿನಲ್ಲಿ ಯಾರೋ ನರ್ಸ್ ಹೇಳಿದ್ದಳಂತೆ. "ಮೈಸೂರಲ್ಲಿ ದೊಡ್ ದೊಡ್ ಅಂಗ್ಡಿ ಐತಾವಲ್ಲ, ಕೇಳ್ಕಂಡ್ ಬಾರೆ ಮಾರಾಯ್ತಿ. ಒಂದ್ ಸರಿಯಾಗಿ ಕೂತ್ಕಂಡ್ರೆ ಸಾಕು, ರಿಟೈರ್ ಆಗೋಗಂಟ ನಿಂತ್ಕಂತೀನಿ. ಇಲ್ದಿದ್ರೆ ಈ ಕೆಲ್ಸ ನನ್ ಕೈಲಾಗಲ್ಲ ಕಣೆ."

ಹೋದೆ. ಹೋಗಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾದೀತು. ಅಂಗಡಿಯಲ್ಲಿದ್ದ ಹೆಂಗಸು ದಾರಗಳಿಗೆ ಟೇಪು ಹಿಡಿದು, "ಅಯ್ಯೋ, ಇದಕ್ಕೆ ಡಿ ಕಪ್ ಬೇಕಮ್ಮ. ಇದೆ, ಮಹಡಿ ಮೇಲಿದೆ. ಐದು ನಿಮಿಷ ಇರಿ, ತರ್ತೀನಿ" ಎಂದಳು. ಅವಳ ಗಂಟಲು ಸ್ವಲ್ಪ ದೊಡ್ಡದು. ಅದೇ ಹೊತ್ತಿಗೆ ನನ್ನ ಕ್ಲಾಸಿನ ಇಬ್ಬರು ಹುಡುಗರು ಪಕ್ಕದ ಸೀರೆ ಕೌಂಟರಿಗೆ ಬಂದರು. ಒಬ್ಬ ನನ್ನತ್ತ ನೋಡಿದ. ನಾನು ದಾರ ಎರಡನ್ನೂ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದು ಓಡಿಬಂದೆ. ಐದು ನಿಮಿಷ, ಅಷ್ಟೇ. ಅಷ್ಟೂ ನಿಲ್ಲಲಿಲ್ಲ.

ಊರಿಗೆ ಬಂದಾಗ ಚಿಕ್ಕಮ್ಮ ನನ್ನ ಚೀಲವನ್ನೇ ನೋಡುತ್ತಿದ್ದಳು. "ನಿನ್ನ ಅಳತೇದು ಮಾಡೋದೇ ಇಲ್ವಂತೆ" ಎಂದುಬಿಟ್ಟೆ. ಮುಂದಿನ ಸಲ ತಂದರಾಯಿತು ಎಂಬ ಧೈರ್ಯ. ಅವಳು ಅನುಮಾನಿಸಲೂ ಇಲ್ಲ. "ಮೈಸೂರಲ್ಲೇ ಇಲ್ಲ ಅಂದ್ಮ್ಯಾಲೆ ಇನ್ನೆಲ್ಲಿರ್ತೈತೆ? ನನ್ ಮೈಯೇ ಸರಿ ಇಲ್ಲ ಬುಡು."

ಮುಂದಿನ ಸಲ ಎಂಬುದು ಬರಲಿಲ್ಲ. ಯುಗಾದಿಯ ಹೊತ್ತಿಗೆ ಅವಳು ಕೆಲಸ ಬಿಟ್ಟಿದ್ದಳು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಚಿಕ್ಕಪ್ಪನಿಗೆ ಸಮಾಧಾನವೇ ಆಯಿತು. ಕೇಳಿದವರಿಗೆಲ್ಲ ಹೆಗಲು ನೋವು ಎಂದು ನಾವು ಹೇಳಿದೆವು. ಆನೇಮಹಲಿನ ಮನೆಯಲ್ಲಿ ಅವಳು ಹೆದ್ದಾರಿಯ ಬಸ್ಸುಗಳ ಸದ್ದು ಕೇಳುತ್ತ ಕೂತಳು. ಬೆನ್ನು ಆಗ ಬಗ್ಗಿದ್ದು ಮತ್ತೆ ಎದ್ದಿಲ್ಲ.

ನನಗೆ ಆಲೂರಿನಲ್ಲಿ ಮೇಷ್ಟರಿಕೆ ಸಿಕ್ಕಿತು. ನಾಚಿಕೆಯೂ ಕಳೆಯಿತು, ಹಾಸನಕ್ಕೆ ಹೋಗಿ ನನ್ನ ಅಳತೆಯದನ್ನು ಕೇಳಿ, ಹಾಕಿ ನೋಡಿ ತರುವುದನ್ನು ಕಲಿತೆ. ಹಾಗಿದ್ದರೆ ಅವಳಿಗೊಂದು ತರಬಹುದಿತ್ತಲ್ಲ ಎನ್ನುತ್ತೀರಿ. ತರಬಹುದಿತ್ತು. ತಂದಿದ್ದರೆ ಹಳೆಯ ಸುಳ್ಳು ಬಯಲಾಗುತ್ತಿತ್ತು. ಈ ವರ್ಷ ಬೇಡ, ಮುಂದಿನ ವರ್ಷ ಎನ್ನುತ್ತ ಇಪ್ಪತ್ತು ವರ್ಷ ದಾಟಿಸಿದೆ. ಮಕ್ಕಳಿಗೆ ದಿನಾ ಸತ್ಯ ಹೇಳಿ ಎಂದು ಪಾಠ ಮಾಡುವವಳು ನಾನು.

ಹೋದ ತಿಂಗಳು ಅವಳ ಮನೆಯಲ್ಲಿ ಎರಡು ದಿನ ಉಳಿದಿದ್ದೆ. ನಮ್ಮಲ್ಲಿ ಬ್ರಾ ಒಣಹಾಕಿದರೆ ಮೇಲೊಂದು ಟವೆಲ್ಲು ಹೊದಿಸುತ್ತೇವೆ, ಕಳ್ಳ ಮಾಲಿನ ಹಾಗೆ. ನಾನೂ ಹಾಗೇ ಹೊದಿಸಿದ್ದೆ. ಮೋಡ ಕವಿಯಿತೆಂದು ಬಟ್ಟೆ ತರಲು ಹೋದ ಚಿಕ್ಕಮ್ಮ ಎಷ್ಟು ಹೊತ್ತಾದರೂ ನನ್ನ ಬಳಿ ಬರಲಿಲ್ಲ. ಬಂದಾಗ ನೈಟಿಯ ಒಳಗೆ ನನ್ನದನ್ನು ಹಾಕಿಕೊಂಡಿದ್ದಳು. ಇಬ್ಬರ ಅಳತೆಯೂ ಹೆಚ್ಚುಕಡಿಮೆ ಒಂದೇ.

"ಎಷ್ಟ್ ಹಗೂರ ಐತೆ ಕಣೆ!" ಎಂದು ಬಲಗೈಯನ್ನು ಪೂರ್ತಿ ಮೇಲೆತ್ತಿದಳು, ಬಸ್ಸಿನ ಕಂಬಿ ಹಿಡಿಯುವಂತೆ. ಕೈ ಇಳಿಸದೆಯೇ ನನ್ನನ್ನು ನೋಡಿದಳು.

"ಇದು ಅವಾಗ್ಲೂ ಇತ್ತಾ?"

ಇಲ್ಲ, ಈಚೆಗೆ ಬಂದದ್ದು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಇತ್ತು ಚಿಕ್ಕಮ್ಮ. ಆ ಅಂಗ್ಡೀಲೇ ಇತ್ತು. ನಾನೇ ನಾಚ್ಕೊಂಡು ಓಡಿ ಬಂದೆ."

ಅವಳು ಕೈ ಇಳಿಸಿ, "ಅನ್ನಕ್ಕಿಡ್ಬೇಕು" ಎಂದು ಒಳಗೆ ಹೋದಳು. ನಾನು ಹೊರಡುವವರೆಗೂ ಊಟಕ್ಕೆ ಬಾ, ನೀರು ಕುಡಿ ಎಂಬುದರಾಚೆ ಮಾತಿಲ್ಲ.

ಈ ಭಾನುವಾರ ಅವಳ ಅಳತೆಯವೇ ಎರಡನ್ನು ತೆಗೆದುಕೊಂಡು ಹೋದೆ. "ಈಗ ಇದುನ್ನ ಹಾಕ್ಕಂಡು ಎಲ್ಲಿಗ್ ಹೋಗ್ಲಿ?" ಎಂದಳು. ಆದರೂ ಒಂದನ್ನು ಹಾಕಿಕೊಂಡು ನನ್ನನ್ನು ಬಸ್ಸು ಹತ್ತಿಸಲು ರಸ್ತೆಯವರೆಗೆ ಬಂದಳು. ಸಕಲೇಶಪುರದ ಬಸ್ಸು ನಿಂತಿತು. ನಾನು ಹತ್ತಿದ್ದೇ ತಡ, ಅವಳು ಬಸ್ಸಿನ ಮೈಗೆ ಎರಡು ಸಲ ಕೈ ಬಡಿದು "ರೈಟ್!" ಎಂದು ಕೂಗಿದಳು. ಆ ಗಂಟಲನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಡ್ರೈವರ್ ಬಸ್ಸು ಬಿಟ್ಟೇಬಿಟ್ಟ.

ಕಂಡಕ್ಟರ್ ಹುಡುಗಿ ಕಿಟಕಿಯಿಂದ ಬಗ್ಗಿ ನೋಡಿ ನಕ್ಕಳು. "ಯಾರ್‍ರೀ ಅದು? ನನ್ ಕೆಲ್ಸ ಅವ್ರೇ ಮಾಡ್ಬುಟ್ರಲ್ಲ!"

"ನಮ್ಮ ಚಿಕ್ಕಮ್ಮ. ಹಿಂದೆ ಕಂಡಕ್ಟರ್ ಆಗಿದ್ರು."

"ಹೌದಾ? ಮತ್ಯಾಕೆ ಬಿಟ್ರು?"

"ನಾನು ಬಿಡಿಸ್ದೆ" ಎಂದೆ.