ಅಣ್ಣ ಹೇಳಿದ ಸರಳ ಕ್ರಿಸ್ಮಸ್

ಅಣ್ಣನ ಫೋನ್ ಬಂದಾಗ ನಾನು ಬಸ್ಸಿನಲ್ಲಿ ನಿಂತಿದ್ದೆ. ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ನನ್ನ ಕೆಲಸ, ಜಿಗಣಿಯಲ್ಲಿ ಮನೆ. ಕೆಲಸ ಬಿಡುವ ಹೊತ್ತಿಗೆ ಆ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ಕಿವಿಗೊತ್ತಿಕೊಂಡೆ.

"ಈ ಸಲ ಕ್ರಿಸ್ಮಸ್ ಸಿಂಪಲ್ಲಾಗಿ ಮಾಡೋಣ ಕಣೇ," ಅಂದ. "ನಮ್ಮ ಅಪಾರ್ಟ್‌ಮೆಂಟಲ್ಲಿ ಬರೀ ಗಲಾಟೆ. ಡಿಜೆ, ಲೈಟು, ಗಿಫ್ಟು. ಅರ್ಥಾನೇ ಇಲ್ಲ ಅನ್ಸ್‌ಬಿಟ್ಟಿದೆ. ನಿಮ್ಮನೇಲಿ ಮಾಡೋಣ. ಅತ್ತಿಬೆಲೇಲಿ ಅಮ್ಮ ಮಾಡ್ತಿದ್ಲಲ್ಲ, ಹಂಗೆ."

"ಅಮ್ಮಾನೂ ಬರ್ತಾಳಾ?"

"ಬರ್ದೆ ಇರ್ತಾಳಾ? ಒಂದೇ ರೂಲು. ಯಾರೂ ಏನೂ ಕೊಂಡ್ಕೊಂಡು ಬರೋ ಹಂಗಿಲ್ಲ. ಕೈಯಾರೆ ಮಾಡಿದ್ದನ್ನೇ ಕೊಡಬೇಕು. ನಿನ್ನ ಮಗಳಿಗೂ ಒಳ್ಳೇ ಪಾಠ."

ಅಮ್ಮ ಬರುತ್ತಾಳೆ ಅನ್ನುವುದೊಂದೇ ನನ್ನ ಕಿವಿಗೆ ಬಿದ್ದದ್ದು. ಹೂಂ ಅಂದುಬಿಟ್ಟೆ.

ಅಪ್ಪ ತೀರಿಕೊಂಡ ಮೇಲೆ ಅತ್ತಿಬೆಲೆಯ ನಮ್ಮ ಮನೆಯನ್ನು ಮಾರಿ ಅಣ್ಣ ಕುಂದಲಹಳ್ಳಿಯಲ್ಲಿ ಫ್ಲ್ಯಾಟ್ ತಗೊಂಡಿದ್ದ. ಅಮ್ಮನೂ ಅವನ ಜೊತೆ ಹೋದಳು. ಅದೇ ವರ್ಷ ಅವನಿಗೆ ಗಂಡುಮಗು ಹುಟ್ಟಿತು. ಅಲ್ಲಿಂದಾಚೆಗೆ ಅಮ್ಮ ನನ್ನ ಮನೆಗೆ ಬಂದದ್ದೇ ಇಲ್ಲ. ಯಾವಾಗ ಕರೆದರೂ "ಕೂಸು ಚಿಕ್ಕದು, ಆಮೇಲ್ ಬತ್ತೀನಿ" ಅನ್ನುತ್ತಿದ್ದಳು.

ರಾತ್ರಿ ಊಟಕ್ಕೆ ಕೂತಾಗ ನಮ್ಮೆಜಮಾನರಿಗೆ ವಿಷಯ ಹೇಳಿದೆ. ಅವರು ಜಿಗಣಿಯಲ್ಲೇ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಪಾಲಿಶ್ ಮಾಡುತ್ತಾರೆ. ಆ ವರ್ಷ ಆರ್ಡರ್ ಕಡಿಮೆಯಾಗಿ ವಾರದಲ್ಲಿ ಮೂರು ದಿನ ಮನೆಯಲ್ಲೇ ಇರುತ್ತಿದ್ದರು. ಸುಮ್ಮನೆ ಕೇಳಿಸಿಕೊಂಡು, "ನಾವು ವರ್ಷವೆಲ್ಲಾ ಸಿಂಪಲ್ಲಾಗೇ ಇದೀವಲ್ಲ, ಅದಕ್ಕೆ ರೂಲು ಬೇರೆ ಬೇಕಾ?" ಅಂದರು.

ನಾನು ರೇಗಿದೆ. "ಅಮ್ಮ ಬರ್ತಿದಾಳೆ ರೀ. ಬಾಯಿ ಮುಚ್ಕೊಂಡಿರಿ."

ನಿಜ ಹೇಳಬೇಕೆಂದರೆ ಆ ರೂಲು ಮೊದಲು ತಟ್ಟಿದ್ದು ಮಗಳಿಗೆ. ಆಗ ಅವಳಿಗೆ ಹತ್ತು ವರ್ಷ. ಪ್ರತಿ ಕ್ರಿಸ್ಮಸ್‌ಗೂ ಮಾಮ ಅವಳಿಗೊಂದು ಫ್ರಾಕ್ ಕೊಡಿಸುತ್ತಿದ್ದ. ಅವಳು ವರ್ಷದಲ್ಲಿ ಹಾಕುತ್ತಿದ್ದ ಹೊಸ ಬಟ್ಟೆ ಅದೊಂದೇ ಅಂದರೂ ತಪ್ಪಿಲ್ಲ. ಈ ಸಲ ಇಲ್ಲ ಅಂತ ಹೇಳಿದಾಗ ಅವಳು ಅಳಲಿಲ್ಲ, "ಸರಿ" ಅಂದಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಮಾರ್ಕೆಟ್ಟಿನ ಕಟ್‌ಪೀಸ್ ಅಂಗಡಿಯಿಂದ ಹಳದಿ ಬಟ್ಟೆ ತಂದು, ಪಕ್ಕದ ಮನೆಯವರ ಮೆಶಿನ್ನಿನಲ್ಲಿ ನಾನೇ ಒಂದು ಫ್ರಾಕ್ ಹೊಲಿದೆ. ಸೊಂಟದ ಹತ್ತಿರ ಬಟ್ಟೆ ಸಾಲದೆ ನನ್ನ ಹಳೇ ಸೀರೆಯ ಸೆರಗಿನ ತುಂಡು ಸೇರಿಸಬೇಕಾಯಿತು.

ಬಾಲಯೇಸುವಿನ ಗೋದಲಿ ಕಟ್ಟಲು ನಮ್ಮೆಜಮಾನರು ಫ್ಯಾಕ್ಟರಿಯಿಂದ ಒಡೆದ ಪ್ಯಾಕಿಂಗ್ ಹಲಗೆ ತಂದರು. ಬೇಡ ಬೇಡ ಅನ್ನುತ್ತಲೇ ಶುರುಮಾಡಿದವರು ಆಮೇಲೆ ಎರಡು ಭಾನುವಾರ ಅದರ ಮುಂದೆಯೇ ಕೂತಿದ್ದರು. ಮಗಳು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿ ಗೋದಲಿಗೆ ಹುಲ್ಲು ಬೆಳೆಸಿದಳು. ಮನೆಗೆ ಬರುವ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬರೆದಳು. ಅಜ್ಜಿಯ ಕಾರ್ಡಿನಲ್ಲಿ ಅತ್ತಿಬೆಲೆಯ ಮನೆಯ ಚಿತ್ರ. ಆ ಮನೆ ಅವಳಿಗೆ ಪೂರ್ತಿಯಾಗಿ ನೆನಪಿರಲಿಲ್ಲ. ಬಾಗಿಲು ಯಾವ ಕಡೆ, ಹಿತ್ತಿಲ ನುಗ್ಗೆಮರ ಎಲ್ಲಿ ಅಂತ ನನ್ನನ್ನು ಕೇಳಿ ಕೇಳಿ ಬರೆದಳು.

ಕುರ್ಚಿ ಇಲ್ಲವಲ್ಲ ಅಂತ ಮನೆ ಓನರಮ್ಮನನ್ನು ಕೇಳಿದೆ. ಅವರದು ಅದೇ ಊರಿನ ಒಕ್ಕಲು ಮನೆತನ, ಹೊಲವಿದ್ದ ಕಡೆ ಈಗ ನಮ್ಮಂಥವರಿಗೆ ಸಾಲಾಗಿ ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. "ಅಬ್ಬ ಅಲ್ವೇನೆ, ತಗಂಡ್ ಓಗು," ಅಂತ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಜೊತೆಗೆ ಒಂದು ಚಿಪ್ಪು ಬಾಳೆಹಣ್ಣು.

ಅಣ್ಣ ಹೇಳಿದ ಹಾಗೆ ಅಮ್ಮನ ರೀತಿಯ ಹಬ್ಬ ಮಾಡಬೇಕೆಂದು ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿ ಕುಟ್ಟಿಸಿ ಬೆಲ್ಲದ ಪಾಕ ಹಿಡಿದೆ. ಮಟನ್ ತರುವ ಮಾತೇ ಇರಲಿಲ್ಲ, ಕೋಳಿ ಪಲಾವ್ ಮಾಡಿದೆ. ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಬಂದವಳೇ ಒಲೆ ಮುಂದೆ ನಿಂತೆ. ಹನ್ನೆರಡಕ್ಕೆಲ್ಲಾ ಎಲ್ಲವೂ ಸಿದ್ಧವಿತ್ತು. ಮಗಳು ಹಳದಿ ಫ್ರಾಕ್ ಹಾಕಿಕೊಂಡು, ಕೂತರೆ ಸುಕ್ಕಾಗುತ್ತದೆ ಅಂತ ಬಾಗಿಲಲ್ಲೇ ನಿಂತಿದ್ದಳು.

ಅವರು ಬಂದಾಗ ಎರಡೂವರೆ ದಾಟಿತ್ತು. ನಮ್ಮ ಗಲ್ಲಿಗೆ ಕಾರು ಬರುವುದಿಲ್ಲ, ಮೇನ್ ರೋಡಿನಲ್ಲಿ ನಿಲ್ಲಿಸಿ ನಡೆದು ಬಂದರು. ಮುಂದೆ ಅಣ್ಣ, ಅತ್ತಿಗೆ. ಹಿಂದೆ ಅಮ್ಮ, ಕಂಕುಳಲ್ಲಿ ಎರಡು ವರ್ಷದ ಮಗು, ಇನ್ನೊಂದು ಕೈಯಲ್ಲಿ ಒಂದು ಬಟ್ಟೆ ಚೀಲ. ಮಂಡಿ ನೋವಿನ ಹೆಂಗಸು ಒಂದು ಕಡೆಗೆ ವಾಲಿಕೊಂಡು ನಡೆಯುತ್ತಿದ್ದಳು. ನಮ್ಮೆಜಮಾನರು ಓಡಿಹೋಗಿ ಮಗುವನ್ನು ಎತ್ತಿಕೊಂಡರು.

"ಕ್ಲಬ್‌ಹೌಸಲ್ಲಿ ಬ್ರಂಚ್ ಇತ್ತು, ಲೇಟಾಗೋಯ್ತು," ಅಂದ ಅಣ್ಣ. "ಜಾಸ್ತಿ ತಿನ್ನಿಸ್ಬೇಡ ಕಣೇ, ಹೊಟ್ಟೇಲಿ ಜಾಗ ಇಲ್ಲ."

ಅತ್ತಿಗೆ ಕೆಟ್ಟವಳಲ್ಲ. ನಗುನಗುತ್ತಾ ಒಳಗೆ ಬಂದಳು. ಗೋದಲಿ ನೋಡಿ "ವಾವ್" ಅಂದಳು. ಮಗಳ ಫ್ರಾಕ್ ಮುಟ್ಟಿ, ಸೊಂಟದ ಸೀರೆ ತುಂಡು ನೋಡಿ, "ಎಷ್ಟು ಕ್ಯೂಟಾಗಿದೆ! ಹಳೇ ಸೀರೆನ ಅಪ್‌ಸೈಕಲ್ ಮಾಡಿದೀರಾ? ನಮ್ಮ ಕಡೆ ಇದಕ್ಕೆಲ್ಲಾ ವರ್ಕ್‌ಶಾಪ್ ಮಾಡ್ತಾರೆ ಗೊತ್ತಾ," ಅಂದಳು. ಆಮೇಲೆ ತಾನು ತಂದ ಉಡುಗೊರೆ ಕೊಟ್ಟಳು. ಸೆಣಬಿನ ಚೀಲದಲ್ಲಿ ಒಂದು ಸೋಪು, ಒಂದು ಮೇಣದಬತ್ತಿ. ಕೈಯಲ್ಲಿ ಮಾಡಿದ್ದು ಅಂತ ಮೇಲೆ ಅಚ್ಚಾಗಿತ್ತು. ಅಂಗಡಿಯ ಹೆಸರೂ ಇತ್ತು.

ಮಗಳು ತನ್ನ ಕಾರ್ಡುಗಳನ್ನು ಹಂಚಿದಳು. ಅಣ್ಣ ಅವನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೆದ. ಅಮ್ಮ ತನ್ನದನ್ನು ಜೋಡಿಸಲು ಕೊಡಲಿಲ್ಲ. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಬಚ್ಚಲು ಈ ಕಡೆ ಇತ್ತು ಕಣವ್ವ," ಅಂತ ಮೊಮ್ಮಗಳಿಗೆ ತೋರಿಸಿದಳು.

ಊಟಕ್ಕೆ ಕೂರಿಸಿದೆ. ಅಣ್ಣನೂ ಅತ್ತಿಗೆಯೂ ಎರಡೆರಡು ತುತ್ತು ತಿಂದು ಕೈ ತೊಳೆದರು. ಅಮ್ಮ ಮಾತ್ರ ಚೆನ್ನಾಗಿ ಉಂಡಳು. ಕ್ಲಬ್‌ಹೌಸಿನಲ್ಲಿ ತಿಂದಿಲ್ಲವಾ ಅಂತ ಮೆಲ್ಲಗೆ ಕೇಳಿದೆ. "ಕೂಸು ಅಳ್ತಿತ್ತು, ನಾನ್ ಮ್ಯಾಗೆ ಮನೇಲೇ ಇದ್ದೆ," ಅಂದಳು. ಕಜ್ಜಾಯಕ್ಕೆ ಕೈ ಹಾಕಿದಾಗ ಅತ್ತಿಗೆ, "ಅತ್ತೆ, ಶುಗರ್," ಅಂದಳು. ಅಮ್ಮ ಕೈ ಹಿಂದಕ್ಕೆಳೆದುಕೊಂಡಳು.

ಅಷ್ಟರಲ್ಲಿ ಅಣ್ಣ ಮೊಬೈಲ್ ಹಿಡಿದು ಅಮ್ಮನ ಎದುರಿಗೆ ಕೂತ. ಆಫೀಸಿನಲ್ಲಿ ಹಬ್ಬದ ವಿಡಿಯೋ ಹಾಕುತ್ತಾರಂತೆ, ಅದಕ್ಕೆ ಅಂದ. "ಅಮ್ಮಾ, ಹೇಳು. ಆಗ ನಮ್ಮತ್ರ ಏನೂ ಇರ್ಲಿಲ್ಲ. ಆದ್ರೂ ಕ್ರಿಸ್ಮಸ್ ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ?"

ಅತ್ತಿಬೆಲೆಯ ಆ ಹಬ್ಬಗಳು ನನಗೂ ನೆನಪಿವೆ. ಅಮ್ಮ ಹೈವೇ ಕಡೆಯ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವರ ಮನೆಗೆ ನೆಂಟರು ಬರುತ್ತಿದ್ದದ್ದೂ ಅದೇ ದಿನ. ಪೂಜೆ ಮುಗಿದ ಕೂಡಲೇ ಓಡುತ್ತಿದ್ದಳು, ಮಧ್ಯಾಹ್ನ ಟಿಫನ್ ಕ್ಯಾರಿಯರಿನಲ್ಲಿ ಬಿರಿಯಾನಿ ತರುತ್ತಿದ್ದಳು. ನಾನು, ಅಣ್ಣ, ಅಪ್ಪ ಮೂವರೂ ಕೂತು ತಿನ್ನುತ್ತಿದ್ದೆವು. ಅಲ್ಲೇ ತಿಂದು ಬಂದೆ ಅಂತ ಅಮ್ಮ ಗೋಡೆಗೆ ಒರಗಿ ಕಾಲು ಚಾಚುತ್ತಿದ್ದಳು.

ಅಮ್ಮ ಮೊಬೈಲನ್ನೇ ನೋಡಿದಳು. "ಏನ್ ಚೆಂದಾಗಿತ್ತು?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಂಗ್ ಚೆಂದಾಗಿತ್ತು. ನೀನ್ ಉಣ್ತಿದ್ದೆ."

ಅಣ್ಣ ನಕ್ಕ. "ನೀನೂ ತಿಂತಿದ್ಯಲ್ಲಮ್ಮ."

"ಎಲ್ಲಿ ತಿಂತಿದ್ದೆ? ಉಣ್ಣಕ್ಕೆ ಅಂತ ಅವ್ರು ಕೊಡ್ತಿದ್ದುದ್ದನ್ನೇ ಅಲ್ವಾ ನಿಮ್ಗೆ ತರ್ತಿದ್ದುದ್ದು. ಮೂರ್ ಜನಕ್ಕೇ ಸಾಲ್ತಿರ್ಲಿಲ್ಲ. ಅಬ್ಬದ ದಿನ ಒಟ್ಟೆ ಅಸ್ಕೊಂಡು ಊರವ್ರ ಎಂಜ್ಲು ತೊಳ್ದಿದೀನಿ. ಅದ್ನ ಏನಂತ ಏಳ್ಲಪ್ಪ?"

ಅಣ್ಣ ಮೊಬೈಲ್ ಕೆಳಗಿಳಿಸಿ, "ಅದೇ, ತ್ಯಾಗ ಅಂದ್ರೆ ಅದು," ಅಂದ. ಅಮ್ಮ ತಲೆ ಬಗ್ಗಿಸಿ ಮಗುವಿಗೆ ಅನ್ನ ಕಲಸತೊಡಗಿದಳು. ನಲವತ್ತರ ಹತ್ತಿರ ಬಂದಿದ್ದೆ, ಅದುವರೆಗೂ ಅಲ್ಲೇ ತಿಂದು ಬಂದೆ ಅನ್ನುವ ಅವಳ ಮಾತನ್ನು ನಂಬಿಕೊಂಡೇ ಇದ್ದೆ.

ಹೊರಡುವ ಹೊತ್ತಾಯಿತು. ಅಮ್ಮ ಏಳಲಿಲ್ಲ. ಬಟ್ಟೆ ಚೀಲವನ್ನು ತೊಡೆಯ ಹತ್ತಿರ ಎಳೆದುಕೊಂಡು, "ನಾನ್ ನಾಕ್ ದಿನ ಇಲ್ಲಿದ್ದು ಬತ್ತೀನಿ," ಅಂದಳು. ಆಗ ನೋಡಿದೆ, ಚೀಲದಲ್ಲಿ ಎರಡು ಸೀರೆ, ಮಾತ್ರೆ ಡಬ್ಬಿ, ಜಪಸರ. ಅವಳು ಇರುವುದಕ್ಕೆಂದೇ ಬಂದಿದ್ದಳು.

ಅಣ್ಣನೂ ಅತ್ತಿಗೆಯೂ ಮುಖ ಮುಖ ನೋಡಿಕೊಂಡರು. "ಆಯಾ ಊರಿಗೆ ಹೋಗಿದಾಳೆ ಅತ್ತೆ," ಅಂದಳು ಅತ್ತಿಗೆ. "ನಾಳೆಯಿಂದ ನಂಗೆ ಆಫೀಸ್ ಕಾಲ್ಸ್ ಇದೆ. ಪಾಪೂನ ಯಾರು ನೋಡ್ಕೊಳ್ತಾರೆ?"

"ಇರ್ಲಿ ಬಿಡಣ್ಣ," ಅಂದೆ ನಾನು. "ನಾಲ್ಕೇ ದಿನ. ಭಾನುವಾರ ನಾನೇ ತಂದು ಬಿಡ್ತೀನಿ."

ಅಣ್ಣ ಮನೆಯನ್ನು ಒಂದು ಸುತ್ತು ನೋಡಿದ. ಮೇಲಿನ ಶೀಟು, ಮೂಲೆಯ ಒಲೆ, ಚಾಪೆ ಸುತ್ತಿಟ್ಟ ಜಾಗ. "ಇಲ್ಲೆಲ್ಲಿ ಮಲಗ್ತಾಳೆ ಹೇಳು? ಟಾಯ್ಲೆಟ್ ಹೊರಗಿದೆ. ಅವಳ ಮಂಡಿಗೆ ಆಗುತ್ತಾ? ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು."

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಬಂದಾಗಿನಿಂದ ಅವನಿಗೆ ಚೆಂದ ಕಂಡ ಮನೆ ಇದೇ. ಫೋಟೋ ತೆಗೆಯಲು ಸಾಕಾಗಿದ್ದ ಗೋಡೆಗಳು ಅಮ್ಮ ನಾಲ್ಕು ರಾತ್ರಿ ಮಲಗಲು ಸಾಲದಾದವು. ಹಾಗಂತ ನಾನು ಅವನಿಗೆ ಹೇಳಿದೆ. ಕೂಗಿಯೇ ಹೇಳಿದೆ. "ಅಮ್ಮನ್ನ ಕರ್ಕೊಂಡ್ ಹೋಗಿರೋದು ನೋಡ್ಕೊಳ್ಳೋಕಾ, ಮಗು ನೋಡಿಸ್ಕೊಳ್ಳೋಕಾ?" ಅಂದೆ.

ಅತ್ತಿಗೆಯ ಕಣ್ಣು ತುಂಬಿಕೊಂಡವು. ಅಣ್ಣನ ಮುಖ ಕೆಂಪಾಯಿತು. "ಹಬ್ಬದ ದಿನ ಇದೆಲ್ಲಾ ಬೇಕಿತ್ತಾ?" ಅಂದ. ನಮ್ಮೆಜಮಾನರು ನನ್ನ ತೋಳು ಹಿಡಿದುಕೊಂಡರು. ಅಮ್ಮ ಮಂಡಿಗೆ ಕೈ ಕೊಟ್ಟು ಎದ್ದು ನಿಂತಳು. "ಬುಡವ್ವ. ಇನ್ನೊಂದ್ ದಪ ಬತ್ತೀನಿ," ಅಂದು ಮಗುವನ್ನು ಎತ್ತಿಕೊಂಡಳು. ಮೇನ್ ರೋಡಿನವರೆಗೆ ನಾನು ಚೀಲ ಹಿಡಿದುಕೊಂಡು ಜೊತೆಗೆ ನಡೆದೆ. ಕಾರಿನ ಬಾಗಿಲು ಹಾಕಿದ ಮೇಲೆ ಗಾಜು ಹೇಗೆ ಇಳಿಸುವುದೆಂದು ಗೊತ್ತಾಗದೆ ಒಳಗಿಂದಲೇ ಕೈ ಆಡಿಸಿದಳು.

ಎರಡು ದಿನದ ಮೇಲೆ ಅಣ್ಣ ವಿಡಿಯೋ ಕಳಿಸಿದ. ಗೋದಲಿ, ರಾಗಿ ಪೈರು, ಕಾರ್ಡುಗಳ ಸಾಲು, ಹಳದಿ ಫ್ರಾಕಿನ ನನ್ನ ಮಗಳು. ಅಮ್ಮ ಮಗುವಿಗೆ ಉಣ್ಣಿಸುವುದಿತ್ತು, ಅವಳಾಡಿದ ಒಂದು ಮಾತೂ ಇರಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ತುಂಬಾ ಹಿಡಿಸಿತಂತೆ. ನಮ್ಮೆಜಮಾನರು ಅದನ್ನು ಪೂರ್ತಿ ನೋಡಲಿಲ್ಲ.

ಮುಂದಿನ ಭಾನುವಾರ ನಾನೇ ಕುಂದಲಹಳ್ಳಿಗೆ ಹೋದೆ, ಅಮ್ಮನನ್ನು ಕರೆದುಕೊಂಡೇ ಬರುವುದೆಂದು. ಗೇಟಿನಲ್ಲಿ ಸೆಕ್ಯೂರಿಟಿಯವನು, "ಕೆಲಸಕ್ಕಾ? ಸೈಡ್ ಗೇಟಿಂದ ಬನ್ನಿ ಅಕ್ಕ," ಅಂದ. ಅವನ ತಪ್ಪೇನಿಲ್ಲ, ನನ್ನ ಹಾಗೆ ಕಾಣುವವರು ಅಲ್ಲಿಗೆ ಬರುವುದು ಕೆಲಸಕ್ಕೇ. ಫೋನ್ ಮಾಡಿದ್ದಕ್ಕೆ ಅಮ್ಮ ಮಗುವನ್ನೆತ್ತಿಕೊಂಡು ಕೆಳಗೆ ಬಂದಳು. ಮಕ್ಕಳು ಆಡುವ ಜಾಗದಲ್ಲಿ ಒಂದು ಬೆಂಚಿನ ಮೇಲೆ ಕೂತೆವು. ಸುತ್ತ ನಾಲ್ಕಾರು ಹೆಂಗಸರು ಮಕ್ಕಳನ್ನು ಆಡಿಸುತ್ತಿದ್ದರು. ಎಲ್ಲರೂ ಅಮ್ಮನ ಗುರುತಿನವರೇ, ಎಲ್ಲರೂ ಆಯಾಗಳೇ.

"ನಡಿಯಮ್ಮ ಹೋಗೋಣ. ಇವತ್ತೇ," ಅಂದೆ.

ಅಮ್ಮ ಮಗುವಿನ ಮೂಗು ಒರೆಸಿದಳು. ಅದು ಅವಳ ಕತ್ತು ತಬ್ಬಿಕೊಂಡಿತು. "ಈ ಕೂಸೇನ್ ತಪ್ಪು ಮಾಡ್ತು?" ಅಂದಳು. "ನಾನಿಲ್ದಿದ್ರೆ ಅನ್ನ ಮುಟ್ಟಲ್ಲ ಇದು. ಸ್ಕೂಲಿಗ್ ಆಕ್ಲಿ, ಆಮೇಲೆ ಬತ್ತೀನಿ."

ನಾನು ಒಬ್ಬಳೇ ಬಸ್ಸು ಹತ್ತಿದೆ.

ಮಗುವನ್ನು ಸ್ಕೂಲಿಗೆ ಹಾಕಿದರು. ಅಮ್ಮ ಬರಲಿಲ್ಲ. ಸ್ಕೂಲಿನ ವ್ಯಾನು ಹತ್ತಿಸುವುದು ಅವಳೇ, ಇಳಿಸಿಕೊಳ್ಳುವುದೂ ಅವಳೇ. ಕಳೆದ ಕ್ರಿಸ್ಮಸ್‌ಗೆ ಅಣ್ಣನ ಸಂಸಾರ ಗೋವಾಕ್ಕೆ ಹೋಯಿತು. "ಅಮ್ಮನ್ನೂ ಕರ್ಕೊಂಡ್ ಹೋಗ್ತಿದೀವಿ. ಪಾಪ, ಸಮುದ್ರಾನೇ ನೋಡಿಲ್ಲ," ಅಂತ ಹೇಳಿದ. ಜಗಳವಾದ ಮೇಲೆ ನಾವು ಹೀಗೆ ಚುಟುಕಾಗಿ ಮಾತಾಡುತ್ತೇವೆ.

ಹಬ್ಬದ ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

"ಸಮುದ್ರ ಹೆಂಗಿದೆಯಮ್ಮ?"

"ಕಿಟಕೀಲ್ ಕಾಣ್ತದೆ. ದೊಡ್ದು."

"ಅವರೆಲ್ಲಾ ಎಲ್ಲಿ?"

"ಅಲ್ಲೇ, ನೀರತ್ರ ಓಗವ್ರೆ."

"ನೀನ್ ಹೋಗಿ ಕಾಲಿಡ್ಲಿಲ್ವಾ?"

"ಕೂಸು ಮಲಗೈತೆ," ಅಂದಳು ಅಮ್ಮ. "ಮೆಲ್ಲಗ್ ಮಾತಾಡು."