ಅಜ್ಜಿಯ ಮುಖದ ಮೇಲೊಂದು ಕ್ಯಾಮೆರಾ

ಇಳಕಲ್ಲಿನಿಂದ ಬೆಳಗಿನ ಬಸ್ಸು ಹತ್ತಿದೆವು, ನಾನು ಮತ್ತು ನನ್ನ ಸೋದರತ್ತೆ ಶಂಕ್ರವ್ವ. ಅತ್ತೆಗೆ ಹೆಣ್ಣುಮಕ್ಕಳ ಉಚಿತ ಟಿಕೆಟ್, ನನಗೆ ಪೂರ್ತಿ ದರ. ಹುನಗುಂದ ದಾಟುವಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತು. ಅವಳ ಕೈಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಅದರ ಕೆಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಒಂದು ಹಸಿರು ಖಣ. ತನ್ನ ಅವ್ವನಿಗೆ ಉಡಿ ತುಂಬಲು ಹೊರಟಿದ್ದಳು.

ಅವ್ವ, ಅಂದರೆ ನನ್ನ ಅಜ್ಜಿ, ಅತ್ತೆ ಸಣ್ಣವಳಿದ್ದಾಗಲೇ ತೀರಿಹೋದವಳು. ಒಂದು ಫೋಟೋ ಕೂಡ ಇಲ್ಲ. ಇದ್ದದ್ದು ನಮ್ಮ ಮಗ್ಗದ ಕೋಣೆಯ ಗೋಡೆಚಿತ್ರ ಮಾತ್ರ. ಮನೆಯ ಯಾವುದೋ ಮದುವೆಗೆಂದು ಊರಿನ ಚಿತ್ರಗಾರ ದೇವರು, ಆನೆ, ಗಿಳಿಗಳ ನಡುವೆ ಮಗ್ಗಕ್ಕೆ ಕೂತ ಅಜ್ಜಿಯನ್ನೂ ಬರೆದಿದ್ದ. ಅತ್ತೆ ದಿನಾ ಆ ಮುಖ ನೋಡಿಯೇ ಲಾಳಿ ಹಿಡಿಯುತ್ತಿದ್ದಳು. ಕೆಲ ವರ್ಷಗಳ ಹಿಂದೆ ರಸ್ತೆ ಅಗಲ ಮಾಡಲು ಮನೆ ಕೆಡವುವಾಗ ಮ್ಯೂಸಿಯಂನವರು ಬಂದು ಗಾರೆ ಸಮೇತ ಚಿತ್ರ ಕೊಯ್ದು ಒಯ್ದರು. "ಕಣ್ಣಾಗ ಕಣ್ಣಿಟ್ಟು ಕಾಯ್ತೇವ್ರಿ" ಅಂದಿದ್ದರು. ಒಳ್ಳೆಯ ಫೋಟೋ ತೆಗೆದು ಕಳಿಸುತ್ತೇವೆ ಅಂತಲೂ ಅಂದಿದ್ದರು. ಎಲ್ಲಿಯ ಫೋಟೋ!

ಬಾದಾಮಿಯಲ್ಲಿ ಬಸ್ಸು ಬದಲಿಸಿ ಕುಳಗೇರಿ ಕ್ರಾಸಿನ ಕಡೆ ಹೊರಟು, ನಡುವೆ ಒಂದು ಸಣ್ಣ ಊರಲ್ಲಿ ಇಳಿದೆವು. ಅದರ ಹೆಸರು ಬರೆಯುವುದಿಲ್ಲ, ತಪ್ಪು ಊರಿನವರದಲ್ಲ. ಮ್ಯೂಸಿಯಂ ಬಾಗಿಲಲ್ಲೇ ಟಿಕೆಟ್ ಕೇಳಿದರು. ನಮ್ಮ ಅಜ್ಜಿಯನ್ನು ನೋಡಲು ನಮಗೇ ಟಿಕೆಟ್! ಹಲ್ಲು ಕಚ್ಚಿಕೊಂಡು ತೆಗೆಸಿದೆ.

ಮೊದಲ ಕೋಣೆಯಲ್ಲಿ ಮುರಿದ ವೀರಗಲ್ಲು, ಹಳೆಯ ಬೀಸುಕಲ್ಲು. ಒಳಗಿನ ಕೋಣೆಯಲ್ಲಿ ನಮ್ಮ ಗೋಡೆ. ಆನೆ ಇತ್ತು, ಗಿಳಿ ಇತ್ತು, ಮಗ್ಗದ ಮೇಲೆ ಅಜ್ಜಿಯ ಕೈಗಳಿದ್ದವು. ಮುಖ ಇರಬೇಕಾದಲ್ಲಿ ತೂತು ಕೊರೆದು ಸಿಸಿ ಕ್ಯಾಮೆರಾ ಕೂರಿಸಿದ್ದರು. ಸುತ್ತ ಸಿಮೆಂಟು ಮೆತ್ತಿದ್ದರು.

ಮ್ಯಾನೇಜರನನ್ನು ಕರೆದು ಕೂಗಾಡಿದೆ. "ಬ್ಯಾರೆ ಜಾಗಾನ ಸಿಗಲಿಲ್ಲೇನ್ರಿ ನಿಮಗ? ಹೊಟ್ಟಿಗೆ ಅನ್ನಾ ತಿಂತೀರೋ, ಮಣ್ಣ ತಿಂತೀರೋ?"

ಆತ ತಣ್ಣಗೆ, "ಚಿತ್ರಾ ಕಾಯಾಕಂತನ ಹಾಕೀವ್ರಿ ಸರ. ಇಲ್ಲಿಂದ ಇಡೀ ಖೋಲಿ ಕಾಣ್ತೈತಿ" ಅಂದ.

"ಚಿತ್ರದಾಗಿನ ಮಾರೀನ ಕಿತ್ತು ಏನ್ ಕಾಯ್ತೀರಿ, ನಿಮ್ಮ ತಲಿ?"

ಅತ್ತೆ ನೆಲಕ್ಕೆ ಕೂತು ಅಜ್ಜಿಯ ಕೈಗಳ ಕೆಳಗೆ ಅಕ್ಕಿ, ಕೊಬ್ಬರಿ ಇಟ್ಟಳು. ಆಮೇಲೆ ಎದ್ದು, ಖಣದ ಮಡಿಕೆ ಬಿಚ್ಚಿ, ಕ್ಯಾಮೆರಾಕ್ಕೆ ಸುತ್ತಿ ಗಂಟು ಹಾಕಿದಳು.

ಮ್ಯಾನೇಜರ ಮುನ್ನುಗ್ಗಿ ಗಂಟಿಗೆ ಕೈ ಹಾಕಿದ. "ಏ ಯಮ್ಮಾ, ಏನ್ ಮಾಡ್ತೀರಿ! ಕ್ಯಾಮೆರಾಕ್ಕ ಏನೂ ಕಾಣವಲ್ದಲ್ರಿ!"

"ನನಗೂ ಕಾಣವಲ್ದು ಯಪ್ಪಾ" ಅಂದಳು ಅತ್ತೆ. "ನಮ್ಮವ್ವನ ಮಾರಿ ಎಲ್ಲೈತಿ ತೋರಸು. ಬಿಚ್ಚತೇನಿ."

ಗಂಟಿಗೆ ಕೈ ಹಾಕಿದ್ದ ಆತ ಕೈ ಹಿಂದಕ್ಕೆ ತೆಗೆದ. ನಾವು ಬಾಗಿಲಲ್ಲಿ ತಿರುಗಿ ನೋಡಿದಾಗಲೂ ಖಣ ಹಾಗೆಯೇ ಇತ್ತು.

ಬರುವಾಗ ರೊಟ್ಟಿ ಗಂಟು ಬಿಚ್ಚಲೇ ಇಲ್ಲ. ಹುನಗುಂದದ ಹತ್ತಿರ ಅತ್ತೆ ಕಿಟಕಿಯಿಂದ ತಿರುಗಿ ಕೇಳಿದಳು: "ತಮ್ಮಾ, ಅವ್ವನ ಹಣಿ ಮ್ಯಾಲಿನ ಕುಂಕುಮ ದುಂಡಗಿತ್ತೋ, ಉದ್ದಕಿತ್ತೋ?"

ನೆನಪಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ದುಂಡಗ ಇತ್ತು ಅಂದೆ.